ಬೆಂಗಳೂರು–ಕುಂದಾಪುರ: ಮೊಣಕಾಲು ಆಪರೇಷನ್ ಆದ ಅಮ್ಮನಿಗೆ ರಾತ್ರಿ ರೈಲು ಆಗುತ್ತಾ?

ವಿಜಯನಗರದವಳು:
ಅಮ್ಮನಿಗೆ 68 ವರ್ಷ. ಮೊಣಕಾಲು ಆಪರೇಷನ್ ಆಗಿದೆ. ಊರಿಗೂ ಬೆಂಗಳೂರಿಗೂ ಇನ್ನೂ ಕೆಲವು ತಿಂಗಳು ಓಡಾಟ ಇದ್ದೇ ಇದೆ. ತಮ್ಮ ವಿಮಾನ ಅನ್ನುತ್ತಾನೆ, ನಮ್ಮೆಜಮಾನರು ಕಾರೇ ಸಾಕು ಅನ್ನುತ್ತಾರೆ. ಅಮ್ಮನಿಗೆ ಘಾಟಿಯಲ್ಲಿ ವಾಂತಿ ಬರುತ್ತದೆ, ಕಾಲು ಮಡಚಿ ಜಾಸ್ತಿ ಹೊತ್ತು ಕೂರಲೂ ಆಗುವುದಿಲ್ಲ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋದವರು ಇದ್ದರೆ ಹೇಳಿ, ಪ್ಲೀಸ್.

ಕೋಟೇಶ್ವರದ ಕಡೆಯವನು:
ರೈಲಿಗೇ ಹೋಗಿ. ನಮ್ಮ ಅಪ್ಪನನ್ನು ನಾನು ಕರೆದುಕೊಂಡು ಹೋಗುವುದು ಅದರಲ್ಲೇ. ಅವರಿಗೂ ಕಾಲು ನೋವು.

ವಿಮಾನದ ಲೆಕ್ಕ ನೋಡಿ. ಹಾರುವುದು ಒಂದು ಗಂಟೆ ಅಷ್ಟೇ. ಆದರೆ ವಿಜಯನಗರದಿಂದ ದೇವನಹಳ್ಳಿಗೆ ಹೋಗಬೇಕು, ಸೆಕ್ಯೂರಿಟಿ ಕ್ಯೂ ದಾಟಬೇಕು, ಮಂಗಳೂರಿನ ಬಜ್ಪೆ ಏರ್‌ಪೋರ್ಟ್‌ನಲ್ಲಿ ಇಳಿದ ಮೇಲೂ ಕುಂದಾಪುರಕ್ಕೆ ಸುಮಾರು 90 ಕಿ.ಮೀ. ಟ್ಯಾಕ್ಸಿ. ಅರ್ಧ ದಿನ ಹೋಯಿತು, ಅಷ್ಟೂ ಹೊತ್ತು ಅಮ್ಮ ಕೂತೇ ಇರಬೇಕು. ಕಾರಿನಲ್ಲಿ 400 ಕಿ.ಮೀ.ಗಿಂತ ಜಾಸ್ತಿ, ಜೊತೆಗೆ ಶಿರಾಡಿ ಘಾಟಿ.

ರೈಲಿನಲ್ಲಿ ಕಾಲು ಚಾಚಿ ಮಲಗಬಹುದು. ಬೇಕೆನಿಸಿದಾಗ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಹೊಸ ಮೊಣಕಾಲಿಗೆ ಇದಕ್ಕಿಂತ ಇನ್ನೇನು ಬೇಕು? ಘಾಟಿಯ ಭಯವೂ ಬೇಡ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ. 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಅದಕ್ಕೇ ಗಂಟೆಗೆ 30 ಕಿ.ಮೀ. ಮೀರದಂತೆ ಇಳಿಸುತ್ತಾರೆ. ಕಾರಿನ ಹಾಗೆ ತಿರುವಿನಲ್ಲಿ ಹೊಟ್ಟೆ ತೊಳಸುವುದಿಲ್ಲ. ಸುರಂಗಕ್ಕೆ ಹೊಕ್ಕಾಗ ಸದ್ದು ದಪ್ಪ ಆಗುತ್ತದೆ, ಹೊರಗೆ ಬಂದಾಗ ತೆಳ್ಳಗಾಗುತ್ತದೆ, ಅಷ್ಟೇ. ಅಪ್ಪ ಅದಕ್ಕೆ ಏಳುವುದೂ ಇಲ್ಲ. ವಾಪಸ್ ಬರುವಾಗ ಘಾಟಿ ಹತ್ತಿಸಲು ಸುಬ್ರಹ್ಮಣ್ಯ ರೋಡಿನಲ್ಲಿ ಹೆಚ್ಚುವರಿ ಎಂಜಿನ್ ಸೇರಿಸುತ್ತಾರೆ. ಆಗ ಸಣ್ಣ ಧಕ್ಕೆ ಆಗುತ್ತದೆ, ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.

ಈ ರೈಲು ಶುರುವಾದದ್ದು 2020ರ ಮಾರ್ಚ್‌ನಲ್ಲಿ. ಅದೇ ತಿಂಗಳು ಲಾಕ್‌ಡೌನ್ ಬಂದು ನಿಂತೂ ಹೋಗಿತ್ತು. ಮತ್ತೆ ಓಡಲು ಶುರುವಾದಾಗ ನಮ್ಮೂರಿನವರಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಮೈಸೂರು ಸುತ್ತುವುದಿಲ್ಲ, ಕುಣಿಗಲ್ ಮೇಲೆ ನೇರ ಹಾಸನ. ಪಡೀಲ್ ಬೈಪಾಸ್‌ನಲ್ಲಿ ಹೋಗುವುದರಿಂದ ಮಂಗಳೂರು ಸೆಂಟ್ರಲ್‌ನಲ್ಲಿ ಎಂಜಿನ್ ತಿರುಗಿಸುವ ಕಾಯುವಿಕೆಯೂ ಇಲ್ಲ. ಬುಕ್ ಮಾಡುವಾಗ ಮುರ್ಡೇಶ್ವರ ಎಕ್ಸ್‌ಪ್ರೆಸ್ ಕೂಡ ಕಾಣಿಸುತ್ತದೆ. ಅದು ಮೈಸೂರು ಮೇಲೆ ಬರುತ್ತದೆ, ತುಂಬಾ ಹೊತ್ತು ಹಿಡಿಯುತ್ತದೆ.

ಬಸ್ಸೇ ವಾಸಿ:
ಎಲ್ಲಾ ಸರಿ, ಆದರೆ ರೈಲು ಕುಂದಾಪುರಕ್ಕೆ ತಲುಪುವುದು ಬೆಳಕು ಹರಿಯುವ ಮೊದಲೇ. ಸ್ಟೇಷನ್ ಇರುವುದು ಮೂಡ್ಲಕಟ್ಟೆಯಲ್ಲಿ, ಪೇಟೆಯಿಂದ ದೂರ. ಬಸ್ಸಾದರೆ ಶಾಸ್ತ್ರಿ ಸರ್ಕಲ್‌ನಲ್ಲೇ ಇಳಿಸುತ್ತದೆ. ಇನ್ನೊಂದು ವಿಷಯ: 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ಮಧ್ಯೆ ಗುಡ್ಡ ಕುಸಿದು ರೈಲೇ ನಿಂತಿತ್ತು. ಮಳೆಗಾಲದಲ್ಲಿ ಅದನ್ನೇ ನಂಬಿ ಕೂರುವುದು ಹೇಗೆ?

ಕೋಟೇಶ್ವರದ ಕಡೆಯವನು:
ಕುಸಿದದ್ದು ನಿಜ. ಆದರೆ ಅದೇ ಮಳೆಗೆ ಶಿರಾಡಿ ರಸ್ತೆಯೂ ಕುಸಿಯುತ್ತದೆ ಅಲ್ವಾ? ಜೋರು ಮಳೆ ಇದ್ದರೆ ಆ ವಾರ ಅಮ್ಮನನ್ನು ಯಾವುದರಲ್ಲೂ ಹೊರಡಿಸಬೇಡಿ. ಬಸ್ಸಿನಲ್ಲಿ ಮಲಗಬಹುದು, ಒಪ್ಪುತ್ತೇನೆ. ಆದರೆ ಆಪರೇಷನ್ ಆದವರು ರಾತ್ರಿ ಟಾಯ್ಲೆಟ್‌ಗೆ ಏನು ಮಾಡಬೇಕು? ಡ್ರೈವರ್ ನಿಲ್ಲಿಸಿದ ಕಡೆ ಇಳಿದು ಹತ್ತಬೇಕು. ನನಗೆ ಇದೊಂದೇ ಕಾರಣ ಸಾಕು.

ವಿಜಯನಗರದವಳು:
ಟಾಯ್ಲೆಟ್ ವಿಷಯ ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ರೈಲೇ ಅಂತ ಆಯಿತು. ಲೋವರ್ ಬರ್ತ್ ಖಂಡಿತ ಸಿಗುತ್ತಾ? ನಾವು ಅಮ್ಮ, ನಾನು, ಇಬ್ಬರು ಮಕ್ಕಳು.

ಕೋಟೇಶ್ವರದ ಕಡೆಯವನು:
ಖಂಡಿತ ಅಂತ ಯಾರೂ ಹೇಳಲಾಗದು. ಆದರೆ ನಾಲ್ವರನ್ನೂ ಒಂದೇ ಟಿಕೆಟ್‌ನಲ್ಲಿ ಹಾಕಬೇಡಿ. ಹಿರಿಯರ ಲೋವರ್ ಬರ್ತ್ ಕೋಟಾ ಅನ್ವಯ ಆಗುವುದು ಆ ಟಿಕೆಟ್‌ನಲ್ಲಿ ಹಿರಿಯರು ಒಬ್ಬರೇ ಅಥವಾ ಇಬ್ಬರೇ ಇದ್ದಾಗ. ಮಕ್ಕಳ ಜೊತೆ ಸೇರಿಸಿದರೆ ಅದು ಕೈ ತಪ್ಪುತ್ತದೆ. ಅಮ್ಮನಿಗೆ ಬೇರೆ ಟಿಕೆಟ್ ಮಾಡಿ, ನಿಮಗೆ ಬೇರೆ. ನಿಮ್ಮ ಟಿಕೆಟ್‌ಗೆ ಒಂದಾದರೂ ಲೋವರ್ ಸಿಕ್ಕರೆ ಮಾತ್ರ ಬುಕ್ ಆಗಲಿ ಅನ್ನುವ ಆಯ್ಕೆ ಐಆರ್‌ಸಿಟಿಸಿಯಲ್ಲಿ ಇದೆ, ಅದನ್ನು ಟಿಕ್ ಮಾಡಿ. ಬೋಗಿ ಬೇರೆ ಬೇರೆ ಬಂದರೆ ಹತ್ತಿದ ಮೇಲೆ ಕೇಳಿ ಬದಲಾಯಿಸಿಕೊಳ್ಳಬಹುದು. ವಯಸ್ಸಾದವರಿಗೆ ಅಂದರೆ ನಮ್ಮ ಜನ ಸುಮ್ನೆ ಇಲ್ಲ ಅನ್ನುವುದಿಲ್ಲ.

ಥರ್ಡ್ ಎಸಿ ನೋಡಿ, ಹಾಸಿಗೆ ಹೊದಿಕೆ ಅವರೇ ಕೊಡುತ್ತಾರೆ. ಸೈಡ್ ಲೋವರ್ ಮಾತ್ರ ಅಮ್ಮನಿಗೆ ಬೇಡ. ಹಳೆ ಬೋಗಿಗಳಲ್ಲಿ ಅದು ಎರಡು ಸೀಟಿನ ಬೆನ್ನು ಮಡಚಿ ಮಾಡಿದ ಹಾಸು. ನಡುವೆ ಗೆರೆ ಇರುತ್ತದೆ, ಸರಿಯಾಗಿ ಸೊಂಟದ ಕೆಳಗೆ ಒತ್ತುತ್ತದೆ. ಈಗ ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಹಬ್ಬದ ವಾರವಾದರೆ ಅದೇ ಬೆಳಿಗ್ಗೆ ಮಾಡಿ. ತತ್ಕಾಲ್ ನೆಚ್ಚಿಕೊಳ್ಳಬೇಡಿ, ಅದರಲ್ಲಿ ಹಿರಿಯರ ಕೋಟಾ ಇಲ್ಲ.

ಇಳಿಯುವ ವಿಷಯ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಎಬ್ಬಿಸಲು ಹೇಳಿಡಬಹುದು. ಜೊತೆಗೆ ಫೋನಿನಲ್ಲೂ ಅಲಾರಂ ಇಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಟೈಮ್‌ಟೇಬಲ್ ಬೇರೆ, ಹೊರಡುವ ದಿನ ಒಮ್ಮೆ ನೋಡಿಕೊಳ್ಳಿ. ಉಡುಪಿ ಬಂದ ತಕ್ಷಣ ಅಮ್ಮನನ್ನು ಎಬ್ಬಿಸಿ, ಮುಖ ತೊಳೆಸಿ, ಬಾಗಿಲ ಹತ್ತಿರ ಕೂರಿಸಿ. ಕುಂದಾಪುರದಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ಮಕ್ಕಳನ್ನೂ ಬ್ಯಾಗನ್ನೂ ಮೊದಲು ಇಳಿಸಿ ಆಮೇಲೆ ಅಮ್ಮ ಅಂದರೆ ಗಡಿಬಿಡಿ ಆಗುತ್ತದೆ. ನೀವು ಮೊದಲು ಇಳಿದು ಅಮ್ಮನ ಕೈ ಹಿಡಿಯಿರಿ, ಬ್ಯಾಗ್ ಯಾರಾದರೂ ಕೊಡುತ್ತಾರೆ. ಆಟೋದವರಿಗೆ ಹಿಂದಿನ ದಿನವೇ ಹೇಳಿಡಿ. ಊರಿನಲ್ಲಿ ಪರಿಚಯದವರು ಇದ್ದೇ ಇರುತ್ತಾರೆ.

ಬಸ್ಸೇ ವಾಸಿ:
ಟಾಯ್ಲೆಟ್ ಮಾತು ಒಪ್ಪಿದೆ. ಮೂಡ್ಲಕಟ್ಟೆಗೆ ಬರುವ ಆಟೋ ಬೇಕಿದ್ದರೆ ಮೆಸೇಜ್ ಮಾಡಿ, ನಮ್ಮ ಓಣಿಯವರೇ ಒಬ್ಬರು ಆ ರೈಲಿಗೆ ಅಂತಲೇ ಹೋಗುತ್ತಾರೆ.