ಮೆಣಸಿನಕಾಯಿ ದುಡ್ಡು ಬಂದ ಸಂಜೆಯೇ ತಮ್ಮನ ಖಾತೆ ಬಂದ್. ಎಐ ಹಿಡಿದಿದೆಯಂತೆ, ಏನು ಮಾಡೋದು?

ಕಡ್ಡಿಮೆಣಸು, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾವು ಕಡ್ಡಿ ಮೆಣಸಿನಕಾಯಿ ಬೆಳೆಯುತ್ತೇವೆ. ಮೊನ್ನೆ ತಮ್ಮ ಬ್ಯಾಡಗಿ ಮಾರ್ಕೆಟ್ಟಿಗೆ ಮಾಲು ಒಯ್ದಿದ್ದ. ದಲಾಲರು ಅವನ ಖಾತೆಗೆ ನಾಲ್ಕೂವರೆ ಲಕ್ಷ ಹಾಕಿದರು. ಅವತ್ತೇ ಸಂಜೆ ಗೊಬ್ಬರದ ಅಂಗಡಿಗೆ, ಟ್ರ್ಯಾಕ್ಟರಿನವರಿಗೆ, ಕಾಯಿ ಬಿಡಿಸಿದ ಹೆಣ್ಣುಮಕ್ಕಳಿಗೆ ಫೋನಿನಿಂದಲೇ ದುಡ್ಡು ಕಳಿಸತೊಡಗಿದ. ಏಳೆಂಟು ಜನಕ್ಕೆ ಹೋಯಿತು. ಆಮೇಲೆ ಖಾತೆಯೇ ಬಂದ್.

ಬ್ಯಾಂಕಿಗೆ ಹೋದರೆ "ಸಿಸ್ಟಂ ಹಿಡಿದಿದೆ, ಈಗ ಎಐ ಬಂದಿದೆಯಲ್ಲ, ನಮ್ಮ ಕೈಯಲ್ಲಿಲ್ಲ" ಅಂದರು. ಮ್ಯೂಲ್ ಅಕೌಂಟ್, ಅಂದರೆ ಕಳ್ಳರ ದುಡ್ಡು ಸಾಗಿಸುವ ಖಾತೆ ಇರಬಹುದು ಅನ್ನೋ ಅನುಮಾನವಂತೆ. ತಮ್ಮ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ಕೂಲಿ ಬಾಕಿ ಇರುವವರು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಅವರದೇನೂ ತಪ್ಪಿಲ್ಲ.

ಯಂತ್ರ ಏನನ್ನು ನೋಡಿ ಹೀಗೆ ತೀರ್ಮಾನ ಮಾಡುತ್ತದೆ? ನಾವೀಗ ಏನು ಮಾಡಬೇಕು?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಧಾರವಾಡ

ನನ್ನ ಸರ್ವೀಸಿನಲ್ಲಿ ಜಾಸ್ತಿ ಕಾಲ ಕಳೆದದ್ದು ನಿಮ್ಮ ಕಡೆಯ ಶಾಖೆಗಳಲ್ಲೇ. ಮೊದಲು ಒಂದು ವಿಷಯ ಕೇಳಿಕೊಂಡು ಬನ್ನಿ: ತಡೆದದ್ದು ಬ್ಯಾಂಕೋ, ಪೊಲೀಸರೋ? ಎಲ್ಲೋ ಯಾರೋ ಮೋಸಹೋಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟು, ಅವರ ದುಡ್ಡಿನ ಜಾಡು ತಮ್ಮನ ಖಾತೆಗೆ ಬಂದಿದ್ದರೆ ಅದು ಪೊಲೀಸರ ತಡೆ. ಆಗ ದೂರಿನ ನಂಬರು, ಯಾವ ರಾಜ್ಯದ ಯಾವ ಠಾಣೆ ಅನ್ನೋದನ್ನು ಶಾಖೆಯಲ್ಲಿ ಕೇಳಿ ಬರೆದುಕೊಳ್ಳಿ. ಅಂಥ ಕೇಸುಗಳಲ್ಲಿ ಪೊಲೀಸರು ಹೇಳಿದ ಮೊತ್ತವನ್ನಷ್ಟೇ ತಡೆಯಬೇಕು, ಇಡೀ ಖಾತೆಯನ್ನಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ನೀವು ಬರೆದದ್ದು ನೋಡಿದರೆ ಇದು ಬ್ಯಾಂಕಿನದೇ ತಡೆ ಅನ್ನಿಸುತ್ತದೆ.

ಯಂತ್ರ ನೋಡುವುದು ಖಾತೆಯ ನಡತೆಯನ್ನು. ತಿಂಗಳುಗಟ್ಟಲೆ ಎರಡು ಮೂರು ಸಾವಿರ ಬಿಟ್ಟರೆ ಏನೂ ಓಡಾಡದ ಖಾತೆಗೆ ಒಮ್ಮೆಲೇ ಲಕ್ಷಗಟ್ಟಲೆ ಬರುತ್ತದೆ. ಕೆಲವೇ ಗಂಟೆಯಲ್ಲಿ ಹತ್ತಾರು ಕಡೆ ಹಂಚಿಹೋಗುತ್ತದೆ. ಫೋನು ಹೊಸದಾಗಿದ್ದರೆ ಅನುಮಾನ ಇನ್ನೂ ಜಾಸ್ತಿ. ಸೈಬರ್ ಕಳ್ಳರ ಖಾತೆಯೂ ಹೀಗೇ ಇರುತ್ತದೆ. ಹಾಸ್ಟೆಲ್ ಹುಡುಗರಿಗೆ ಐದೋ ಹತ್ತೋ ಸಾವಿರ ಕೊಟ್ಟು ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಮೂರನ್ನೂ ಇಸಿದುಕೊಳ್ಳುತ್ತಾರೆ. ಅದರಲ್ಲಿ ಬಂದ ದುಡ್ಡು ಅಲ್ಲಿ ನಿಲ್ಲುವುದೇ ಇಲ್ಲ. ರಿಸರ್ವ್ ಬ್ಯಾಂಕಿನ ಇನ್ನೊವೇಷನ್ ಹಬ್ ಬೆಂಗಳೂರಿನಲ್ಲಿದೆ. ಅವರು ಇಂಥ 19 ಬಗೆಯ ನಡತೆಗಳನ್ನು ಅಭ್ಯಾಸ ಮಾಡಿ 'ಮ್ಯೂಲ್‌ಹಂಟರ್' ಅನ್ನೋ ಎಐ ಕಟ್ಟಿದ್ದಾರೆ. ಬ್ಯಾಂಕುಗಳು ಅದರಲ್ಲಿ ಕೈಜೋಡಿಸಲಿ ಎಂದು 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ನಿಮ್ಮ ಬ್ಯಾಂಕಿನಲ್ಲಿ ಅದೇ ಇರಬೇಕೆಂದಿಲ್ಲ, ಕೆಲಸ ಮಾಡುವ ರೀತಿ ಮಾತ್ರ ಇಂಥದ್ದೇ.

ನಮ್ಮ ಕಾಲದಲ್ಲಿ ಇಷ್ಟು ಲಕ್ಷ ದಾಟಿದರೆ ಸೂಚನೆ ಅಂತ ಒಂದು ಗೆರೆ ಇರುತ್ತಿತ್ತು. ಕಳ್ಳರು ಗೆರೆಯ ಕೆಳಗೇ ಕಳಿಸುತ್ತಿದ್ದರು. ಬಿದ್ದ ಸೂಚನೆಗಳನ್ನು ಒಬ್ಬ ಗುಮಾಸ್ತ ಸಂಜೆ ಕೂತು ಒಂದೊಂದಾಗಿ ನೋಡುವಷ್ಟರಲ್ಲಿ ದುಡ್ಡು ಮೂರು ರಾಜ್ಯ ದಾಟಿರುತ್ತಿತ್ತು. ಆ ಓಟ ಹಿಡಿಯಲು ಯಂತ್ರ ಬೇಕೇ ಬೇಕು.

ಆದರೆ ಬ್ಯಾಡಗಿಯ ಸುಗ್ಗಿ ಏನೆಂದು ಆ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಸುಗ್ಗಿಯಲ್ಲಿ ಆ ಸೀಮೆಯ ರೈತರ ಖಾತೆಗಳೆಲ್ಲ ಹೀಗೇ ನಡೆದುಕೊಳ್ಳುತ್ತವೆ. ಶಾಖೆಯಲ್ಲಿ ಕೂತವರಿಗೆ ಅದು ಗೊತ್ತು. ಅವರೇ "ನಮ್ಮ ಕೈಯಲ್ಲಿಲ್ಲ" ಅಂದರೆ ಮತ್ತೆ ಯಾರ ಕೈಯಲ್ಲಿದೆ? ಯಂತ್ರ ಬೊಟ್ಟು ಮಾಡಿ ತೋರಿಸಲಿ. ದಲಾಲರ ಪಟ್ಟಿ, ಅಂದರೆ ಮಾಲು ಮಾರಿದ ಲೆಕ್ಕದ ಚೀಟಿ, ನೋಡಿ ಹೌದು, ಅಲ್ಲ ಅನ್ನಬೇಕಾದವನು ಮನುಷ್ಯ.

ಪಟ್ಟಿ, ಪಹಣಿ, ಆಧಾರ್ ತಗೊಂಡು ಹೋಗಿ. ತಡೆಗೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ನಿಮ್ಮ ಅರ್ಜಿಯ ನಕಲಿಗೆ ಸೀಲು ಹಾಕಿಸಿಕೊಳ್ಳಿ. ಇನ್ನೊಂದು, ಖಾತೆ ತೆರೆದದ್ದು ಯಾವಾಗ? ಕೆವೈಸಿಯಲ್ಲಿ ತಮ್ಮನ ಉದ್ಯೋಗ ಏನಂತ ಇದೆ, ವಿಚಾರಿಸಿ.

ಡೇಟಾ ಕೆಲಸದವಳು, ಬೆಂಗಳೂರು

ಬ್ಯಾಂಕುಗಳಿಗೆ ಇಂಥ ಮಾಡೆಲ್ ಕಟ್ಟುವ ತಂಡದಲ್ಲಿದ್ದೇನೆ. ಸರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಒಂದು ಲಕ್ಷ ಖಾತೆಯಲ್ಲಿ 100 ಕಳ್ಳ ಖಾತೆ ಇವೆ ಅಂದುಕೊಳ್ಳಿ. ಯಂತ್ರ 100ಕ್ಕೆ 99 ಸಲ ಸರಿ ಹೇಳುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆಗ 99 ಕಳ್ಳ ಖಾತೆ ಸಿಗುತ್ತವೆ. ಜೊತೆಗೆ ಉಳಿದ 99,900 ಒಳ್ಳೆ ಖಾತೆಗಳಲ್ಲಿ 999 ಸುಮ್ನೆ ಸಿಕ್ಕಿಬೀಳುತ್ತವೆ. ಒಬ್ಬ ಕಳ್ಳನಿಗೆ ಹತ್ತು ಜನ ನಿಮ್ಮ ತಮ್ಮನಂಥವರು. ಅದಕ್ಕೇ ಯಂತ್ರದ ಮಾತನ್ನು ಸಾಕ್ಷಿ ಅಂತ ಹಿಡಿಯಬಾರದು.

ಮುಖ ಗುರುತಿಸುವ ಕ್ಯಾಮೆರಾಗಳಿಗೂ ಇದೇ ಮಾತು. ಅಮೆರಿಕದಲ್ಲಿ 2020ರಲ್ಲಿ ಒಬ್ಬರನ್ನು ಅವರ ಮನೆ ಮುಂದೆ, ಹೆಂಡತಿ ಮಕ್ಕಳ ಎದುರೇ ಡೆಟ್ರಾಯಿಟ್ ಪೊಲೀಸರು ಹಿಡಿದರು. ವಾಚ್ ಕಳ್ಳತನದ ಕ್ಯಾಮೆರಾ ಚಿತ್ರಕ್ಕೆ ಅವರ ಹಳೆಯ ಲೈಸೆನ್ಸ್ ಫೋಟೊ ಹೊಂದುತ್ತದೆ ಎಂದು ಸಾಫ್ಟ್‌ವೇರ್ ಹೇಳಿತ್ತು. ಕದ್ದವರು ಅವರಲ್ಲ. 2024ರಲ್ಲಿ ಕೇಸು ರಾಜಿಯಾದಾಗ, ಸಾಫ್ಟ್‌ವೇರ್ ಹೇಳಿತು ಅನ್ನೋದೊಂದನ್ನೇ ನಂಬಿ ಯಾರನ್ನೂ ಬಂಧಿಸುವುದಿಲ್ಲ ಎಂದು ಅಲ್ಲಿನ ಪೊಲೀಸರು ಒಪ್ಪಬೇಕಾಯಿತು. ನಮ್ಮಲ್ಲೂ ಅಂಥದ್ದೊಂದು ನಿಯಮ ಬೇಕು.

ಮೈಸೂರು ಸೊಸೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಅತ್ತೆಗೆ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಎಫ್‌ಡಿ ಮುರಿಸಿದ್ದರು. ಗೊತ್ತಾದ ತಕ್ಷಣ 1930ಕ್ಕೆ ಹೇಳಿದೆವು. ಅರ್ಧದಷ್ಟು ವಾಪಸ್ ಸಿಕ್ಕಿತು, ಯಾಕಂದರೆ ದುಡ್ಡು ಹೋಗಿ ಸೇರಿದ ಖಾತೆಯನ್ನು ಅಲ್ಲಿಯ ಬ್ಯಾಂಕು ಆಗಲೇ ತಡೆದಿತ್ತು. ಮನುಷ್ಯ ನೋಡಲಿ ಎಂದು ಬೆಳಗಿನವರೆಗೆ ಕಾದಿದ್ದರೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ ಅಲ್ವಾ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಧಾರವಾಡ

ನಿಮ್ಮ ಮಾತು ಒಪ್ಪಿದೆನಮ್ಮಾ. ತಡೆಯೋದು ಕ್ಷಣದಲ್ಲೇ ಆಗಲಿ. ಆದರೆ ಅದರ ಬೆನ್ನಿಗೇ ಖಾತೆದಾರನಿಗೆ ಕನ್ನಡದಲ್ಲಿ ಒಂದು ಫೋನು ಹೋಗಲಿ. ಎಷ್ಟು ಚೀಲ ಹಾಕಿದ್ರಿ, ಕಾಯಿ ಡಬ್ಬಿ ತಳಿಯೋ ಕಡ್ಡಿಯೋ, ಕ್ವಿಂಟಲ್‌ಗೆ ಏನು ದರ ಬಿತ್ತು, ಹಮಾಲಿ ಎಷ್ಟು ಕಳೆದರು ಅಂತ ಕೇಳಿ ನೋಡಿ. ಬೆಳೆದವನ ಬಾಯಲ್ಲಿ ಉತ್ತರ ಥಟ್ಟನೆ ಬರುತ್ತದೆ. ದರ ಕಮ್ಮಿ ಆಯಿತು ಎಂದು ನಾಲ್ಕು ಮಾತು ಜಾಸ್ತಿಯೇ ಹೇಳುತ್ತಾನೆ. ಖಾತೆ ಬಾಡಿಗೆಗೆ ಕೊಟ್ಟ ಹುಡುಗ ಮೊದಲ ಪ್ರಶ್ನೆಗೇ ತಡವರಿಸುತ್ತಾನೆ.

ಕಡ್ಡಿಮೆಣಸು, ಹಾವೇರಿ ಜಿಲ್ಲೆ

ಸರ್, ನೀವು ಕೇಳಿದ್ದು ಸರಿಯಾಗಿಯೇ ಇತ್ತು. ಪಿಯುಸಿಯಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದ ಖಾತೆ. ಉದ್ಯೋಗ 'ವಿದ್ಯಾರ್ಥಿ', ವರ್ಷದ ಆದಾಯ ಒಂದು ಲಕ್ಷಕ್ಕಿಂತ ಕಮ್ಮಿ ಅಂತಲೇ ಇದೆ. ಮೇಲಾಗಿ ಫೋನನ್ನೂ ಮೊನ್ನೆಯಷ್ಟೇ ಬದಲಾಯಿಸಿದ್ದ. ಪೊಲೀಸರ ತಡೆ ಅಲ್ಲ, ಬ್ಯಾಂಕಿನದೇ. ಪಟ್ಟಿ ನೋಡಿ ಹೊಸ ಕೆವೈಸಿ ಫಾರಂ ತುಂಬಿಸಿಕೊಂಡು ಮೇಲಿನ ಕಚೇರಿಗೆ ಕಳಿಸಿದ್ದಾರೆ. ಅರ್ಜಿಗೆ ಸೀಲು ಹಾಕಿ ಕೊಟ್ಟರು. ಕಾರಣ ಮಾತ್ರ ಇನ್ನೂ ಬರವಣಿಗೆಯಲ್ಲಿ ಕೊಟ್ಟಿಲ್ಲ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಧಾರವಾಡ

ಸೀಲು ಬಿದ್ದ ನಕಲು ಜೋಪಾನ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಪುಕ್ಕಟೆ ದೂರು ಕೊಡಬಹುದು. 14448ಕ್ಕೆ ಫೋನ್ ಮಾಡಿದರೆ ಹೇಗೆಂದು ಹೇಳುತ್ತಾರೆ. ನಿಮ್ಮೂರಲ್ಲಿ ಕಾಲೇಜು ಕಾಲದ ಖಾತೆಗೇ ಸುಗ್ಗಿ ದುಡ್ಡು ಹಾಕಿಸಿಕೊಳ್ಳುವ ಹುಡುಗರು ಇನ್ನೂ ಇರುತ್ತಾರೆ. ಮಾಲು ಒಯ್ಯುವ ಮೊದಲೇ ಕೆವೈಸಿಯಲ್ಲಿ 'ಕೃಷಿ' ಎಂದು ಬರೆಸಲು ಹೇಳಿ.

ಡೇಟಾ ಕೆಲಸದವಳು, ಬೆಂಗಳೂರು

ಅಣ್ಣಾ, ಒಂದು ಸಹಾಯ ಬೇಕು. ಎಪಿಎಂಸಿ ದಲಾಲರಿಂದ ಬರುವ ದುಡ್ಡಿಗೆ ಬೇರೆ ಗುರುತು ಹಾಕೋಣ ಎಂದು ನಮ್ಮ ತಂಡದಲ್ಲಿ ಕೇಳಬೇಕೆಂದಿದ್ದೇನೆ. ಬ್ಯಾಡಗಿಯಲ್ಲಿ ದಲಾಲರು ಅಂಗಡಿ ಹೆಸರಿನ ಚಾಲ್ತಿ ಖಾತೆಯಿಂದಲೇ ಹಾಕುತ್ತಾರಾ, ಇಲ್ಲ ಒಮ್ಮೊಮ್ಮೆ ಸ್ವಂತ ಖಾತೆಯಿಂದಲೂ ಹಾಕುತ್ತಾರಾ?