ಕುಡು ಅಂದರೆ ಕುಡುಗೋಲಾ?

ನಮ್ಮ ‘ಮನೆಮಂದಿ’ ಗುಂಪಿನಲ್ಲಿ ಭಾನುವಾರ ಬೆಳಗ್ಗೆ ಅಂದರೆ ಹೂವಿನ ಚಿತ್ರ, ಶುಭೋದಯ, ರಾಹುಕಾಲ. ಮೊನ್ನೆ ಅದರ ಮಧ್ಯೆ ಅಭಿ ಒಂದು ಪೋಸ್ಟರ್ ಹಾಕಿದ. ಸುರುಳಿ ಕೊಂಬಿನ ಪ್ರಾಣಿ, ಪಕ್ಕದಲ್ಲಿ ಬಂದೂಕು ಹಿಡಿದ ಮನುಷ್ಯ, ಕೆಳಗೆ ಅಭಿಯ ಹೊಸ ಕಂಪನಿಯ ಹೆಸರು. ಆಮೇಲೆ ನಡೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಕೈಮುಗಿಯುವ ಇಮೋಜಿಗಳನ್ನು ಮಾತ್ರ ತೆಗೆದಿದ್ದೇನೆ.

ಅಭಿ: ಎಲ್ಲರಿಗೂ ನಮಸ್ಕಾರ. ಕೆಲಸ ಬಿಟ್ಟೆ. ಇನ್ನು ಸ್ವಂತ ಬಿಸಿನೆಸ್. ಆಫ್ರಿಕಾದಲ್ಲಿ ಬೇಟೆ ಸಫಾರಿ ನಡೆಸುವ ಔಟ್‌ಫಿಟರ್‌ಗಳಿಗೆ ಗಿರಾಕಿ ಹುಡುಕಿಕೊಡುವ ಮಾರ್ಕೆಟಿಂಗ್ ಏಜೆಂಟ್. ಪೋಸ್ಟರ್ ಹೇಗಿದೆ ಹೇಳಿ.

ರೇಖಾ ಚಿಕ್ಕಮ್ಮ: ಒಳ್ಳೆಯದಾಗಲಿ ಪುಟ್ಟ. ಮೂರನೇ ಸಾಲಿನಲ್ಲಿ ‘ಕುಡು’ ಅಂತ ಇದೆಯಲ್ಲ, ಕುಡುಗೋಲಾ?

ಅಭಿ: ಆ ಪ್ರಾಣಿಯ ಹೆಸರು ಚಿಕ್ಕಮ್ಮ. ಜಿಂಕೆ ತರಹದ್ದು.

ಮೇಘಾ: ಅದನ್ನು ಕೊಲ್ಲಲು ಟಿಕೆಟ್ ಮಾರುತ್ತೀಯಾ?

ಶ್ರೀಧರ್ ದೊಡ್ಡಪ್ಪ: ಬೇಟೆ ಅಪರಾಧ ಅಲ್ವಾ? 1972ರ ಕಾಯ್ದೆ. ಜೈಲು.

ಅಭಿ: ಅದು ಭಾರತದಲ್ಲಿ ದೊಡ್ಡಪ್ಪ. ನಮೀಬಿಯಾ, ದಕ್ಷಿಣ ಆಫ್ರಿಕಾದಲ್ಲಿ ಪರ್ಮಿಟ್ ಇದ್ದರೆ ತಪ್ಪಲ್ಲ. ಗಿರಾಕಿಗಳು ಹೆಚ್ಚಾಗಿ ಅಮೆರಿಕದವರು. ನಾನು ಜೆ.ಪಿ. ನಗರದಲ್ಲಿ ಕೂತು ವೆಬ್‌ಸೈಟ್, ಇಮೇಲ್, ವಿಡಿಯೋ ನೋಡಿಕೊಳ್ಳುತ್ತೇನೆ. ಇಲ್ಲಿಗೆ ಒಂದು ಕೊಂಬೂ ಬರುವುದಿಲ್ಲ.

ಮೇಘಾ: ಸೆಸಿಲ್ ನೆನಪಿದೆಯಾ? 2015. ಜಿಂಬಾಬ್ವೆಯ ಹ್ವಾಂಗೆ ಪಾರ್ಕಿನ ಸಿಂಹ. ಆಕ್ಸ್‌ಫರ್ಡ್‌ನ ಸಂಶೋಧಕರು ಕುತ್ತಿಗೆಗೆ ಪಟ್ಟಿ ಹಾಕಿದ್ದರು. ಪಾರ್ಕಿನಿಂದ ಆಚೆ ಬಂದಾಗ ಅಮೆರಿಕದ ದಂತವೈದ್ಯನೊಬ್ಬ ಬಾಣ ಬಿಟ್ಟ. ಪ್ರಪಂಚವೇ ಬೈದಿತು. ಅದೇ ವರ್ಷ ಡೆಲ್ಟಾ ಏರ್‌ಲೈನ್ಸ್ ಸಿಂಹ, ಚಿರತೆ, ಆನೆಗಳ ಟ್ರೋಫಿ, ಅಂದರೆ ಬೇಟೆಯ ನೆನಪಿಗೆ ಒಯ್ಯುವ ತಲೆ, ಚರ್ಮ, ಸಾಗಿಸುವುದಿಲ್ಲ ಅಂದಿತು. ನಾಳೆ ಹೀಗೆ ಆದರೆ ನಿನ್ನ ಪೋಸ್ಟರ್ ಎಲ್ಲಿರುತ್ತದೆ?

ಅಭಿ: ಸಿಂಹ, ಆನೆ ನಾನು ಮುಟ್ಟುವುದೇ ಇಲ್ಲ. ಕುಡು, ಇಂಪಾಲ, ಸ್ಪ್ರಿಂಗ್‌ಬಾಕ್ ಅಷ್ಟೇ. ಕಾಡುಪ್ರಾಣಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್, ಅದರ ಪರ್ಮಿಟ್ ಕೂಡ ಇವಕ್ಕೆ ಬೇಡ. ನಮೀಬಿಯಾದಲ್ಲಿ 1996ರ ಕಾನೂನು ಬಂದ ಮೇಲೆ ಹಳ್ಳಿಯವರೇ ಕನ್ಸರ್ವೆನ್ಸಿ, ಅಂದರೆ ಕಾಡುಪ್ರಾಣಿ ನೋಡಿಕೊಳ್ಳುವ ತಮ್ಮದೇ ಸಂಘ, ಮಾಡಿಕೊಂಡಿದ್ದಾರೆ. ಬೇಟೆಯಿಂದ ಅವರಿಗೆ ದುಡ್ಡೂ ಸಿಗುತ್ತದೆ, ಮಾಂಸವೂ ಸಿಗುತ್ತದೆ. ಕೀನ್ಯಾ 1977ರಲ್ಲಿ ಬೇಟೆ ನಿಲ್ಲಿಸಿತು. ಪ್ರಾಣಿ ಜಾಸ್ತಿ ಆದವಾ? ಕಡಿಮೆ ಆದವು. ನಮ್ಮ ಕೂನೋಗೆ 2022ರಲ್ಲಿ ಮೊದಲು ಬಂದ 8 ಚೀತಾ ಎಲ್ಲಿಯವು ಹೇಳು? ನಮೀಬಿಯಾ.

ಮೇಘಾ: ಚೀತಾನ ಸುಮ್ನೆ ಮಧ್ಯೆ ತರಬೇಡ. ಅವು ಬೇಟೆ ದುಡ್ಡಿನಲ್ಲಿ ಬೆಳೆದವಾ? ಕೀನ್ಯಾಗೆ ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಒಂದೇ ಸಿಂಹವನ್ನು ಸಾವಿರ ಜನ ನೋಡಬಹುದು. ನಮ್ಮ ಬಂಡೀಪುರ ಮೈಸೂರು ಮಹಾರಾಜರ ಬೇಟೆಯ ಕಾಡಾಗಿತ್ತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ನಾವು ಕೆಳಗಿಟ್ಟ ಬಂದೂಕಿಗೆ ನೀನು ಮಾರ್ಕೆಟಿಂಗ್ ಮಾಡುತ್ತೀಯಾ?

(ಇಲ್ಲಿ ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ತಿಂಡಿ ಹೊತ್ತು. ಕೀನ್ಯಾ ವಿಷಯದಲ್ಲಿ ಇಬ್ಬರೂ ಅರ್ಧರ್ಧ ಸರಿ ಅಂತ ನನಗೆ ಅನ್ನಿಸಿತು. ಗುಂಪಿನಲ್ಲಿ ಹೇಳಿದರೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಾರೆ.)

ಅಜ್ಜಿ ಧ್ವನಿ ಸಂದೇಶ ಕಳಿಸಿದರು: ‘ಹೊಡೆದ ಮೇಲೆ ತಿನ್ನುತ್ತಾರೇನೋ, ಇಲ್ಲ ಗೋಡೆಗೆ ಹಾಕುವುದಕ್ಕಾ?’

ಅಭಿ: ಎರಡೂ ಅಜ್ಜಿ. ಮಾಂಸ ಅಲ್ಲಿಯವರಿಗೆ. ತಲೆ ಗೋಡೆಗೆ.

ಅಜ್ಜಿಯ ಇನ್ನೊಂದು ಸಂದೇಶ, 3 ಸೆಕೆಂಡಿನದು: ‘ಹೂಂ.’ ಅದನ್ನು ಅಭಿ ಒಪ್ಪಿಗೆ ಅಂದುಕೊಂಡ, ಮೇಘಾ ಬೈಗುಳ ಅಂದುಕೊಂಡಳು.

ಸುರೇಶ್ ಮಾಮ: ಪಾಪ ಪುಣ್ಯ ನೀವು ಮಾತಾಡಿಕೊಳ್ಳಿ. ಅಭಿ, ದುಡ್ಡು ಹೇಗೆ ಬರುತ್ತದೆ?

ಅಭಿ: ಔಟ್‌ಫಿಟರ್ 15 ಪರ್ಸೆಂಟ್ ಕಮಿಷನ್ ಕೊಡುತ್ತಾನೆ ಮಾಮ. ಈ ಲೈನಿನಲ್ಲಿ 10ರಿಂದ 15 ಮಾಮೂಲಿ.

ಸುರೇಶ್ ಮಾಮ: ಯಾವುದರ ಮೇಲೆ?

ಅಭಿ: ದಿನದ ದರದ ಮೇಲೆ. ಗೈಡ್, ಊಟ, ವಸತಿ, ಗಾಡಿ ಅದರಲ್ಲೇ ಬರುತ್ತದೆ. ಹೊಡೆದ ಪ್ರಾಣಿಗೆ ಟ್ರೋಫಿ ಶುಲ್ಕ ಬೇರೆ. ಗುಂಡು ತಾಗಿ ಓಡಿಹೋಗಿ ಸಿಗದಿದ್ದರೂ ಕಟ್ಟಬೇಕು.

ರೇಖಾ ಚಿಕ್ಕಮ್ಮ: ಅಯ್ಯೋ.

ಸುರೇಶ್ ಮಾಮ: ಆ ಶುಲ್ಕದಲ್ಲಿ ನಿನಗೆ ಪಾಲು?

ಅಭಿ: ಅದನ್ನು ಮಾತಾಡಿಲ್ಲ.

ಸುರೇಶ್ ಮಾಮ: ಲೆಕ್ಕ ಹಾಕು. ದಿನಕ್ಕೆ 400 ಡಾಲರ್ ಅಂತ ಇಟ್ಟುಕೋ. 7 ದಿನಕ್ಕೆ 2,800. ನಿನ್ನ ಪಾಲು 420. ಟ್ರೋಫಿ 4,000 ಆಯಿತು ಅನ್ನು, ಅದರಲ್ಲೂ 15 ಇದ್ದಿದ್ದರೆ ಇನ್ನೊಂದು 600. ಜಾಸ್ತಿ ದುಡ್ಡು ಇರುವ ಕಡೆ ನೀನು ಕೇಳೇ ಇಲ್ಲ. ಕಮಿಷನ್ ಕೈಗೆ ಯಾವಾಗ?

ಅಭಿ: ಬೇಟೆ ಮುಗಿದ ಮೇಲೆ. ಅವರು ಒಂದು ವರ್ಷ ಮುಂಚೆ ಬುಕ್ ಮಾಡುತ್ತಾರೆ.

ಶ್ರೀಧರ್ ದೊಡ್ಡಪ್ಪ: ಅಂದರೆ ಒಂದು ವರ್ಷ ಅಪ್ಪನ ಪಿಂಚಣಿ. ಇನ್ನೊಂದು. ಡಾಲರ್‌ನಲ್ಲಿ ಬಂದರೂ ನೀನು ಮಧ್ಯವರ್ತಿ. ಅದಕ್ಕೆ ರಫ್ತಿನ ವಿನಾಯಿತಿ ಸಿಗದೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತಿತ್ತು. ಆ ಕಲಂ ತೆಗೆಯಿರಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯೇ ಶಿಫಾರಸು ಮಾಡಿದೆ. ಬಿಲ್ ಮಾಡುವ ಮುಂಚೆ ಆಡಿಟರ್ ನೋಡು.

ಸುರೇಶ್ ಮಾಮ: ನೀನು ನಮೀಬಿಯಾ ನೋಡಿದ್ದೀಯಾ?

ಅಭಿ: ವಿಡಿಯೋ ಕಾಲ್‌ನಲ್ಲಿ ಕ್ಯಾಂಪ್ ತೋರಿಸಿದ್ದಾರೆ.

ಸುರೇಶ್ ಮಾಮ: ಬಂದೂಕು ಹಿಡಿದಿದ್ದೀಯಾ?

ಅಭಿ: ಎನ್‌ಸಿಸಿಯಲ್ಲಿ. ಒಂದು ಸಲ.

(ನಗುವ ಇಮೋಜಿ 11. ಅದರಲ್ಲಿ 1 ಅವರಪ್ಪನದು.)

ಅಭಿ: ನಗಬೇಡಿ. ಹಳೇ ಏಜೆಂಟರು ಡಲ್ಲಾಸ್ ಸಫಾರಿ ಕ್ಲಬ್ ಮೇಳದಂಥ ಕಡೆ ಸ್ಟಾಲ್ ಹಾಕಿ ಎದುರಿಗೇ ಕೂರಿಸಿಕೊಂಡು ಬುಕ್ ಮಾಡಿಸುತ್ತಾರೆ. ನಾನು ಆನ್‌ಲೈನ್‌ನಲ್ಲಿ ಮಾಡುತ್ತೇನೆ.

ಸುರೇಶ್ ಮಾಮ: ಅವರು ಯಾಕೆ ಅಷ್ಟು ಖರ್ಚು ಮಾಡಿ ಎದುರಿಗೆ ಕೂರುತ್ತಾರೆ ಯೋಚನೆ ಮಾಡು. ನಾನು ಗಾಂಧಿನಗರದಲ್ಲಿ 14 ವರ್ಷ ಟ್ರಾವೆಲ್ಸ್ ನಡೆಸಿದವನು. ಒಂದು ಸಲ ಚಾರ್‌ಧಾಮ್‌ಗೆ 32 ಜನರನ್ನು ಕಳಿಸಿದೆ. ದಾರಿಯಲ್ಲಿ ಒಂದು ಹೋಟೆಲ್. ಅವನು ಫೋನಿನಲ್ಲಿ ಬಹಳ ಒಳ್ಳೆಯವನು, ‘ಸಾರ್ ಸಾರ್’ ಅನ್ನುತ್ತಿದ್ದ. ಫೋಟೋ ಕಳಿಸಿದ, ಅಡ್ವಾನ್ಸ್ ತೆಗೆದುಕೊಂಡ. ರಾತ್ರಿ 9ಕ್ಕೆ ನಮ್ಮವರು ಹೋದರೆ ರೂಮೆಲ್ಲ ಬೇರೆಯವರಿಗೆ ಕೊಟ್ಟಿದ್ದ. ವಯಸ್ಸಾದವರು ಆ ಚಳಿಯಲ್ಲಿ ಬಸ್ಸಿನಲ್ಲೇ ಮಲಗಿದರು. ಫೋನ್ ಬಂದದ್ದು ನನಗೆ, ಅವನಿಗಲ್ಲ. ಊರಿಗೆ ಬಂದ ಮೇಲೆ ಒಬ್ಬ ತಾತ ಅದೇ ಸ್ವೆಟರ್ ಹಾಕಿಕೊಂಡು ನನ್ನ ಆಫೀಸಿಗೆ ಬಂದು ಕೂತರು. ಬೈಯಲಿಲ್ಲ. ಸುಮ್ನೆ ಕೂತರು. ಬೈದಿದ್ದರೆ ಚೆನ್ನಾಗಿತ್ತು.

(ಈ ಕಥೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲವಂತೆ.)

ಅಭಿ: ಹಾಗಾದರೆ ಬಿಟ್ಟುಬಿಡಲಾ ಮಾಮ?

ಮೇಘಾ: ಹೂಂ.

ಸುರೇಶ್ ಮಾಮ: ನಾನು ಹಾಗೆ ಹೇಳಿದೆನಾ? ಹೋದ ವರ್ಷ ನಿನ್ನ ಔಟ್‌ಫಿಟರ್ ಹತ್ತಿರ ಬೇಟೆಗೆ ಹೋದ 5 ಜನರ ನಂಬರ್ ಕೇಳು. ಬರಿಗೈಲಿ ವಾಪಸ್ ಬಂದವರು ಅದರಲ್ಲಿ ಇಬ್ಬರಾದರೂ ಇರಲಿ. ಗಿರಾಕಿಯ ಅಡ್ವಾನ್ಸ್ ನಿನ್ನ ಖಾತೆಗೆ ಬರಬಾರದು, ನೇರ ಅವನಿಗೇ ಹೋಗಲಿ. ರದ್ದಾದರೆ ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾನೆ ಅಂತ ಬರೆಸಿಕೋ. ಆ ಪೋಸ್ಟರ್ ಇನ್ನೆಲ್ಲೂ ಹಾಕಬೇಡ.

ಮಧ್ಯಾಹ್ನ ಯಾರದೋ ಗೃಹಪ್ರವೇಶದ ಕರೆಯೋಲೆ ಬಂತು. ಎಲ್ಲರೂ ಆ ಕಡೆ ಹೋದರು. ರಾತ್ರಿ 10:40ಕ್ಕೆ ಅಭಿ ಮತ್ತೆ ಬಂದ.

ಅಭಿ: ಮಾಮ, 5 ನಂಬರ್ ಕೇಳಿದ್ದೆ. 2 ಕೊಟ್ಟ. ಒಂದಕ್ಕೆ ಮಾಡಿದೆ. ಅದು ಅವನ ತಮ್ಮನದೇ ಅಂತೆ.

ಸುರೇಶ್ ಮಾಮ: ಇನ್ನೊಂದು?

ಅಭಿ: ಟೆಕ್ಸಸ್ ನಂಬರ್. ಈಗಲೇ ಮಾಡಲಾ?

ಸುರೇಶ್ ಮಾಮ: ಅಲ್ಲಿ ಎಷ್ಟು ಗಂಟೆ ನೋಡಿಕೊಂಡು ಮಾಡು. ತಮ್ಮನ ಬಗ್ಗೆ ಅವನಿಗೆ ಹೇಳಬೇಡ.