ಡಿಸ್ಪೈಟ್, ಆಲ್ದೋ, ಆನ್ ದ ಕಾಂಟ್ರರಿ: ವರದಿ ಮತ್ತೆ ವಾಪಸ್ ಬಂತು

ಅರ್ಧವಿರಾಮ:
ಪಂಪ್ ಟೆಸ್ಟಿಂಗ್ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ವರದಿಯನ್ನು ಮೇಲಿನವರು ಮೂರು ವಾಕ್ಯಕ್ಕೆ ಕೆಂಪು ಸುತ್ತು ಹಾಕಿ ಹಿಂತಿರುಗಿಸಿದ್ದಾರೆ. ಏನು ತಪ್ಪು ಅಂತ ಹೇಳಿಲ್ಲ.
1. ಡಿಸ್ಪೈಟ್ ಆಫ್ ದ ಡಿಲೇ, ವಿ ಫಿನಿಶ್ಡ್ ದ ವರ್ಕ್.
2. ಆಲ್ದೋ ದ ಟೆಸ್ಟ್ ಫೇಲ್ಡ್, ಬಟ್ ವಿ ಕಂಟಿನ್ಯೂಡ್.
3. ದ ಓಲ್ಡ್ ಪಂಪ್ ಈಸ್ ನಾಯ್ಸಿ. ಆನ್ ದ ಕಾಂಟ್ರರಿ, ದ ನ್ಯೂ ಪಂಪ್ ಈಸ್ ಕ್ವಯಟ್.
ಮೂರನೆಯದು ನನ್ನ ಕಣ್ಣಿಗೆ ಈಗಲೂ ಸರಿಯಾಗೇ ಕಾಣ್ತಿದೆ.

ಹಳೇಪೆನ್ನು:
ಎರಡನೆಯದರಿಂದ ಶುರು ಮಾಡೋಣ, ನಾವು ಕನ್ನಡದವರು ಹೆಚ್ಚಾಗಿ ಎಡವೋದು ಅಲ್ಲೇ. ‘ಟೆಸ್ಟ್ ಫೇಲಾದರೂ ಮುಂದುವರಿಸಿದೆವು’ ಅಂತೀವಿ. ‘ಫೇಲಾದರೂ, ಆದರೆ ಮುಂದುವರಿಸಿದೆವು’ ಅಂತ ಯಾರೂ ಅನ್ನಲ್ಲ. ಆಲ್ದೋ ಅಂದರೆ ಆ ‘ರೂ’ನೇ. ನಮ್ಮ ‘ರೂ’ ವಾಕ್ಯದ ನಡುಮಧ್ಯೆ ಕೂರುತ್ತೆ, ಆಲ್ದೋ ಮೊದಲೇ ಬಂದು ಹೋಗಿರುತ್ತೆ. ಹಾಗಾಗಿ ಬರೆಯುತ್ತಾ ನಡುವಿಗೆ ಬಂದಾಗ ಏನೋ ಬಿಟ್ಟುಹೋಯ್ತು ಅನ್ನಿಸಿ ಕೈ ತಾನಾಗೇ ಬಟ್ ಹಾಕಿಬಿಡುತ್ತೆ. ಒಂದಿದ್ದರೆ ಇನ್ನೊಂದು ಬೇಡ.

ಮೊದಲನೆಯದರಲ್ಲಿ ಆಫ್ ತೆಗೆದರೆ ಮುಗೀತು. ಇನ್ ಸ್ಪೈಟ್ ಆಫ್‌ಗೆ ಮಾತ್ರ ಆಫ್ ಬೇಕು. ಸ್ಪೈಟ್ ಹುಟ್ಟಿದ್ದೇ ಡಿಸ್ಪೈಟ್‌ನ ತಲೆ ಕತ್ತರಿಸಿ. ಒಂದು ಕಾಲಕ್ಕೆ ಇನ್ ಡಿಸ್ಪೈಟ್ ಆಫ್ ಅಂತಲೂ ಬರೀತಿದ್ದರು. ಹಾಗಾಗಿ ನಿಮ್ಮ ತಪ್ಪಿಗೆ ಒಳ್ಳೇ ವಂಶಾವಳಿಯೇನೋ ಇದೆ, ವರದಿಯಲ್ಲಿ ನಡೆಯಲ್ಲ ಅಷ್ಟೇ. ಇನ್ನೊಂದು ಮಾತು: ಡಿಸ್ಪೈಟ್ ಆದಮೇಲೆ ನಾಮಪದ ಬರಬೇಕು, ಇಲ್ಲವೇ ಬೀಯಿಂಗ್ ಲೇಟ್ ಥರದ್ದು. ಕರ್ತೃ, ಕ್ರಿಯಾಪದ ಎರಡೂ ಇರುವ ಇಡೀ ವಾಕ್ಯವೇ ಬರೋದಾದರೆ ಆಲ್ದೋ ಹಾಕಿ. ಡಿಸ್ಪೈಟ್ ದ ಫ್ಯಾಕ್ಟ್ ದಟ್ ತಪ್ಪಲ್ಲ, ಸುಮ್ಮನೆ ಉದ್ದ.

ತಿದ್ದೋಲೆ:
ಮೂರನೆಯದಕ್ಕೆ ನಾನು ಹೇಳ್ತೀನಿ. ‘ಅದಕ್ಕೆ ವಿರುದ್ಧವಾಗಿ’ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೀರಿ, ಅಲ್ವಾ? ಆನ್ ದ ಕಾಂಟ್ರರಿ ಎರಡು ವಸ್ತುಗಳನ್ನು ಹೋಲಿಸಲ್ಲ. ಆಗಷ್ಟೇ ಹೇಳಿದ ಮಾತನ್ನು ತಳ್ಳಿಹಾಕಿ, ‘ಹಾಗೇನಿಲ್ಲ, ನಿಜ ಅಂದರೆ ಹೀಗೆ’ ಅನ್ನುತ್ತೆ. ‘ಹಳೇ ಪಂಪ್ ಸದ್ದು ಮಾಡುತ್ತಾ? ಆನ್ ದ ಕಾಂಟ್ರರಿ, ಅದು ಓಡ್ತಿರೋದೇ ಗೊತ್ತಾಗಲ್ಲ.’ ಇಲ್ಲಿ ಮಾತು ಒಂದೇ ಪಂಪಿನದು. ನೀವು ಬರೆದದ್ದನ್ನು ಓದಿದವರಿಗೆ ಹಳೇದರ ಸದ್ದಿನ ಮಾತನ್ನೇ ಅಲ್ಲಗಳೆಯೋಕೆ ಹೊರಟು ಹೊಸದಕ್ಕೆ ಜಾರಿದ ಹಾಗೆ ಅನ್ನಿಸುತ್ತೆ. ಎರಡು ಪಂಪಿಗೆ ಬೈ ಕಾಂಟ್ರಾಸ್ಟ್ ಹಾಕಿ, ಅಥವಾ ಒಂದೇ ವಾಕ್ಯ ಮಾಡಿ ನಡುವೆ ವೇರ್ಆ್ಯಸ್.

ಆನ್ ದ ಅದರ್ ಹ್ಯಾಂಡ್‌ದು ಬೇರೆ ಕೆಲಸ, ತಕ್ಕಡಿಯ ಇನ್ನೊಂದು ತಟ್ಟೆ. ಹೊಸ ಪಂಪ್ ದುಬಾರಿ. ಆನ್ ದ ಅದರ್ ಹ್ಯಾಂಡ್, ಕರೆಂಟ್ ಕಡಿಮೆ ಸಾಕು.

ವೇರ್ಆ್ಯಸ್ ಜಾಗಕ್ಕೆ ವೈಲ್ ಹಾಕುವಾಗ ಹುಷಾರು. ‘ವೈಲ್ ದ ಮೋಟರ್ ವಾಸ್ ರನ್ನಿಂಗ್, ದ ಪಂಪ್ ವಾಸ್ ಆಫ್’ ಅಂದರೆ ಮೋಟರ್ ಓಡುವಾಗಲೋ, ಮೋಟರ್ ಓಡಿದರೂನೋ? ಟೆಸ್ಟ್ ವರದಿಯಲ್ಲಿ ಈ ಗೊಂದಲ ಬೇಡವೇ ಬೇಡ.

ಅರ್ಧವಿರಾಮ:
ಮೂರನೆಯದು ಈಗ ತಲೆಗೆ ಹೋಯ್ತು, ಇಬ್ಬರಿಗೂ ಥ್ಯಾಂಕ್ಸ್. ಆದರೆ ಹೊಸ ಎಡವಟ್ಟು ಮಾಡಿಕೊಂಡೆ. ಬಟ್ ಅಂದರೆ ಆಡುಮಾತು ಅಂತ ಯಾರೋ ಹೇಳಿದರು ಅಂತ, ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಎಲ್ಲ ಬಟ್‌ಗಳನ್ನೂ ಹೌಎವರ್ ಮಾಡಿದೆ. ಈಗ ನೋಡಿದರೆ ಬಟನ್ ಇದ್ದದ್ದು ‘ಹೌಎವರ್‌ಟನ್’ ಆಗಿದೆ, ಡಿಸ್ಟ್ರಿಬ್ಯೂಷನ್ ‘ಡಿಸ್ಟ್ರಿಹೌಎವರಿಯನ್’ ಆಗಿದೆ.

ಹಳೇಪೆನ್ನು:
ನಕ್ಕು ಸುಸ್ತಾದೆ, ಕ್ಷಮಿಸಿ. ಅಂಡೂ ಒತ್ತಿ, ಫೈಲ್ ಹಿಂದಕ್ಕೆ ತನ್ನಿ. ಇನ್ನು ಮುಂದೆ ‘ಪೂರ್ತಿ ಪದ ಮಾತ್ರ’ ಆಯ್ಕೆಗೆ ಟಿಕ್ ಹಾಕದೆ ರಿಪ್ಲೇಸ್ ಮುಟ್ಟಬೇಡಿ. ಟಿಕ್ ಹಾಕಿದರೂ ನಥಿಂಗ್ ಬಟ್, ಲಾಸ್ಟ್ ಬಟ್ ಒನ್ ಅಂಥವು ಕೆಡುತ್ತವೆ. ಅಲ್ಲಿ ಬಟ್ ಅಂದರೆ ‘ಬಿಟ್ಟು’.

ಅಷ್ಟಕ್ಕೂ ಬಟ್‌ನಲ್ಲಿ ತಪ್ಪೇನಿಲ್ಲ. ಅದರಿಂದ ವಾಕ್ಯ ಶುರು ಮಾಡಬಾರದು ಅನ್ನೋದನ್ನೂ ನಾನು ಒಪ್ಪಲ್ಲ, 1611ರ ಇಂಗ್ಲಿಷ್ ಬೈಬಲ್‌ನಲ್ಲೇ ಅಂಥವು ಬೇಕಾದಷ್ಟಿವೆ.

ತಿದ್ದೋಲೆ:
ಬಟ್ ತೆಗೆದು ಹೌಎವರ್ ಇಟ್ಟರೆ ಚಿಹ್ನೆಯೂ ಬದಲಾಗಬೇಕು. ಬಟ್‌ಗೆ ಹಿಂದೆ ಅಲ್ಪವಿರಾಮ ಸಾಕು. ಹೌಎವರ್‌ಗೆ ಹಿಂದೆ ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು, ಮುಂದೆ ಅಲ್ಪವಿರಾಮ. ಆ ಮುಂದಿನ ಅಲ್ಪವಿರಾಮ ಬಿಟ್ಟು ‘ಹೌಎವರ್ ಹಾರ್ಡ್ ವಿ ಟ್ರೈಡ್’ ಅಂದರೆ ಅರ್ಥವೇ ಬೇರೆ, ‘ಎಷ್ಟೇ ಪ್ರಯತ್ನಪಟ್ಟರೂ’.

ನಿಮ್ಮ ಹೆಸರೇ ಅರ್ಧವಿರಾಮ, ಇದನ್ನ ನಾನು ಹೇಳಬೇಕಾ!

ಅರ್ಧವಿರಾಮ:
ಹೆಸರಿಟ್ಟುಕೊಂಡಿದ್ದಷ್ಟೇ, ಬಳಸಿದ್ದು ಇವತ್ತೇ ಮೊದಲು. ತಿದ್ದಿ ಕಳಿಸಿದ್ದೆ, ಸುತ್ತು ಒಂದೇ ಒಂದು ಬಂದಿದೆ: ಅನುಬಂಧದ ಚಿತ್ರದ ಕೆಳಗೆ, ‘ಸ್ಟಾರ್ಟ್ ಹೌಎವರ್‌ಟನ್’.